ಹಾರ ಹಾಕಲು ಬೆಳೆದ ರೋಬೋಟ್

ಕಪ್ಪುಹಲಗೆಯ ಮೇಲ್ಗಡೆಯ ಮೊಳದಷ್ಟು ಜಾಗ ಅವರಿಗೆ ಎಂದೂ ಎಟುಕಲಿಲ್ಲ. ಹಿಂದಿನ ಅವಧಿಯಲ್ಲಿ ಗಣಿತದ ಮೇಷ್ಟ್ರು ಬರೆದುಹೋದ ಸಮೀಕರಣಗಳು ಅಲ್ಲಿ ಹಾಗೇ ಉಳಿದಿರುತ್ತಿದ್ದವು. ಅವುಗಳ ಕೆಳಗೆ ನಮ್ಮ ಎಲೆಕ್ಟ್ರಾನಿಕ್ಸ್ ಮೇಡಂ ತಮ್ಮ ಸರ್ಕ್ಯೂಟುಗಳನ್ನು ಎಡದಿಂದ ಬಲಕ್ಕೆ ಒತ್ತೊತ್ತಾಗಿ ಬಿಡಿಸುತ್ತ ಹೋಗುತ್ತಿದ್ದರು. ಬೇರೆ ಉಪನ್ಯಾಸಕಿಯರು ಸೆರಗಿಗೆ ಪಿನ್ನು ಹಾಕಿಕೊಳ್ಳುವ ಜಾಗದಲ್ಲಿ ಅವರು ಒಂದು ಪುಟ್ಟ ಟೆಸ್ಟರನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಪಾಠದ ನಡುವೆ ಅದನ್ನು ಸರಕ್ಕನೆ ತೆಗೆದು ಹಲಗೆಯ ಮೇಲೆ ಕುಟ್ಟಿದರೆ, ಅಲ್ಲಿ ಯಾರೋ ಒಬ್ಬರಿಗೆ ಪ್ರಶ್ನೆ ಬರಲಿದೆ ಎಂದು ಇಡೀ ತರಗತಿಗೆ ತಿಳಿಯುತ್ತಿತ್ತು.

ಹುಡುಗರು ಅವರನ್ನು ಬೆನ್ನ ಹಿಂದೆ 'ಅರ್ಧ ಟಿಕೆಟ್' ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. ಜಾವಗಲ್ಲಿನ ಮೇಲೆ ಅರಸೀಕೆರೆಗೆ ಬರುವ ಬೆಳಗಿನ ಬಸ್ಸಿನಲ್ಲಿ ಒಮ್ಮೆ ಅಲ್ಲಿ ಹತ್ತಿದ ಅವರಿಗೆ ಸೀಟು ಸಿಕ್ಕಿರಲಿಲ್ಲ. ಮೇಲಿನ ಕಂಬಿ ಕೈಗೆ ಸಿಗದೆ ಸೀಟಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಮಾದಿಹಳ್ಳಿಯಿಂದ ಕೂತು ಬಂದಿದ್ದ ನನ್ನನ್ನು ನೋಡಿ ನಕ್ಕು ಕೇಳಿದರು: "ಏನಪ್ಪಾ, ಅರ್ಧ ಟಿಕೆಟ್ಟಿನವರಿಗೆ ಸೀಟು ಪೂರ್ತಿ ಕೊಡ್ತೀರೋ, ಅದನ್ನೂ ಅರ್ಧ ಮಾಡಿ ಕೊಡ್ತೀರೋ?" ನಾನು ಎದ್ದ ರಭಸಕ್ಕೆ ನನ್ನ ಬುತ್ತಿಡಬ್ಬಿ ಉರುಳಿ ಡ್ರೈವರನ ಕಾಲಬುಡಕ್ಕೆ ಹೋಗಿತ್ತು.

ಈ ಮಾತಿಗೆ ಇಪ್ಪತ್ತು ವರ್ಷಗಳೇ ಆಗುತ್ತ ಬಂದವು. ಅರಸೀಕೆರೆಯ ಆ ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಅವರು ಖಾಯಂ ಉಪನ್ಯಾಸಕಿಯಾಗಿರಲಿಲ್ಲ. ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಒಪ್ಪಿದರೆ ಮುಂದಿನ ವರ್ಷಕ್ಕೆ ಕೆಲಸ, ಇಲ್ಲವಾದರೆ ಇಲ್ಲ. ಖಾಯಂ ಇದ್ದವರು ಹಳೆಯ ನೋಟ್ಸನ್ನೇ ಓದಿ ಹೇಳಿ ಹೊರಡುತ್ತಿದ್ದರೆ, ಪ್ರತಿ ಜೂನ್ ತಿಂಗಳಲ್ಲೂ ಕೆಲಸದ ಭರವಸೆಯಿಲ್ಲದ ಈ ಹೆಂಗಸು ಶನಿವಾರ ಮಧ್ಯಾಹ್ನ ಕಾಲೇಜು ಮುಗಿದ ಮೇಲೂ ಪ್ರಯೋಗಾಲಯ ತೆರೆದಿಟ್ಟುಕೊಂಡು ಕೂರುತ್ತಿದ್ದರು. ದುಡಿಯುವವರನ್ನು ಹೆದರಿಕೆಯಲ್ಲೂ ದುಡಿಯದವರನ್ನು ಭದ್ರತೆಯಲ್ಲೂ ಇಡುವ ಈ ವ್ಯವಸ್ಥೆಯನ್ನು ಯಾವ ನ್ಯಾಯದಿಂದ ಸಮರ್ಥಿಸಬಹುದು ಎಂಬ ಪ್ರಶ್ನೆ ನನಗೆ ಮೊದಲು ಹುಟ್ಟಿದ್ದು ಆ ಪ್ರಯೋಗಾಲಯದ ಬಾಗಿಲಲ್ಲಿ.

ನಾನು ಆಗ ಚರ್ಚಾಸ್ಪರ್ಧೆಗಳ ಹುಡುಗ. ಹಾಸನದ ಒಂದು ಸ್ಪರ್ಧೆಯಲ್ಲಿ ಬಹುಮಾನ ಪಡೆದು, ಆ ಕಪ್ಪನ್ನು ಎಲ್ಲರಿಗೂ ಕಾಣುವಂತೆ ಕಂಕುಳಲ್ಲಿ ಹಿಡಿದು ಓಡಾಡುತ್ತಿದ್ದಾಗ ಅವರು ಪಡಸಾಲೆಯಲ್ಲಿ ನನ್ನನ್ನು ತಡೆದರು.

"ಪರವೋ ವಿರೋಧವೋ?"

"ಪರ, ಮೇಡಂ."

"ವಿರೋಧದವರು ಹೇಳಿದ್ದರಲ್ಲಿ ಸರಿಯಾದ ಮಾತು ಯಾವುದಿತ್ತು?"

"ಯಾವುದೂ ಇರ್ಲಿಲ್ಲ ಮೇಡಂ."

"ಹಾಗಾದ್ರೆ ನೀನು ಅವರ ಮಾತು ಕೇಳೇ ಇಲ್ಲ ಬಿಡು," ಎಂದು ಹೇಳಿ, ಕಪ್ಪಿನ ಕಡೆ ಒಮ್ಮೆಯೂ ನೋಡದೆ ಹೊರಟುಹೋದರು. ನನಗೆ ಸಿಟ್ಟು ಬಂದಿತ್ತು. ಮುಂದಿನ ಶನಿವಾರ ಆ ಸಿಟ್ಟಿನಲ್ಲೇ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿಂದ ಎರಡು ವರ್ಷ ಹೊರಗೆ ಬರಲಿಲ್ಲ.

ಎರಡನೆಯ ವರ್ಷ ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜು ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆ ಏರ್ಪಡಿಸಿತ್ತು. ನಮ್ಮ ಕಡೆಯ ಕಾಲೇಜುಗಳಲ್ಲಿ ಅಂಥದ್ದನ್ನು ಕೇಳಿದವರೇ ಇರಲಿಲ್ಲ. ಮೇಡಂ ನಮ್ಮ ಮೂವರನ್ನು ಆರಿಸಿಕೊಂಡರು. ಜಾವಗಲ್ಲಿನ ತೆಂಗಿನ ತೋಟದವರ ಮನೆಯ ಲೋಕೇಶ, ಬೇಲೂರಿನ ನಾಗವೇಣಿ, ಮತ್ತು ನಾನು. ಲೋಕೇಶನಿಗೆ ಕಬ್ಬಿಣದ ಕೆಲಸ, ನಾಗವೇಣಿಗೆ ತಂತಿಯ ಕೆಲಸ. ನನಗೆ ಏನು ಕೆಲಸ ಎಂದು ಲೋಕೇಶ ಕೇಳಿದಾಗ ನಾಗವೇಣಿಯೇ ಉತ್ತರ ಕೊಟ್ಟಳು: "ಸೋತ್ರೆ ಯಾಕೆ ಸೋತ್ವಿ ಅಂತ ಭಾಷಣ ಮಾಡೋಕೆ ಒಬ್ಬ ಬೇಕಲ್ಲ ಕಣೋ."

ಸ್ಪರ್ಧೆಯ ಅಂಕಣ ಒಂದು ದೊಡ್ಡ ಹಲಗೆ. ರೋಬೋಟ್ ಒಂದು ತುದಿಯಿಂದ ಹೊರಟು, ನಡುವಿನ ಇಳಿಜಾರಿನ ದಿಬ್ಬ ದಾಟಿ, ಆಚೆ ತುದಿಯಲ್ಲಿರುವ ಚೆಂಡುಗಳನ್ನು ಎತ್ತಿಕೊಂಡು ಬುಟ್ಟಿಗೆ ಹಾಕಬೇಕು. ಬುಟ್ಟಿಗಳು ಎರಡು. ನೆಲದ ಸಮೀಪ ಇರುವುದಕ್ಕೆ ಅಂಕ ಕಡಿಮೆ, ಎತ್ತರದಲ್ಲಿರುವುದಕ್ಕೆ ಹೆಚ್ಚು. ದಿಬ್ಬದ ಆಚೆ ಮೊಣಕಾಲೆತ್ತರಕ್ಕೆ ಒಂದು ಅಡ್ಡಪಟ್ಟಿ ಇತ್ತು. ಅದರ ಅಡಿಯಲ್ಲಿ ನುಸುಳುವ ರೋಬೋಟಿಗೆ ದಾರಿ ಹತ್ತಿರ. ನುಸುಳಲಾಗದಷ್ಟು ಎತ್ತರವಾದದ್ದು ಅಂಕಣದ ಅಂಚನ್ನು ಬಳಸಿಕೊಂಡು ಹೋಗಬೇಕು. ನಡುವೆ ಎಲ್ಲಾದರೂ ಉರುಳಿದರೆ ಆ ಸುತ್ತು ಅಲ್ಲಿಗೆ ಮುಗಿಯಿತು.

ಹೀಗಾಗಿ ಮೊದಲ ದಿನವೇ ಎದುರಾದ ಪ್ರಶ್ನೆ ಒಂದೇ: ನಮ್ಮ ರೋಬೋಟ್ ಎಷ್ಟು ಎತ್ತರ ಇರಬೇಕು?

ಬೇರೆ ಯಾರಾದರೂ ಆಗಿದ್ದರೆ ಉತ್ತರ ಹೇಳಿ ಕೆಲಸ ಶುರುಮಾಡಿಸುತ್ತಿದ್ದರು. ಮೇಡಂ ನಮ್ಮಿಂದ ಚರ್ಚೆ ಮಾಡಿಸಿದರು. ನಾನು ಎತ್ತರದ ಪರ, ಲೋಕೇಶ ಗಿಡ್ಡದರ ಪರ, ನಾಗವೇಣಿ ತೀರ್ಪುಗಾರ್ತಿ. ಮೇಲಿನ ಬುಟ್ಟಿಗೆ ಅಂಕ ಹೆಚ್ಚು, ಎತ್ತರದ ರೋಬೋಟಿಗೆ ಮೇಲಿಂದ ಚೆಂಡು ಹಾಕುವುದು ಸುಲಭ, ಒಂದು ಯಶಸ್ವಿ ಸುತ್ತು ಕೆಳಗಿನ ಹಲವು ಸುತ್ತುಗಳಿಗೆ ಸಮ ಎಂದು ನಾನು ಕೈಯೆತ್ತಿ ಕೈಯಿಳಿಸಿ ವಾದಿಸಿದೆ. ಲೋಕೇಶ ಎದ್ದು ನಿಂತು ತಲೆ ಕೆರೆದುಕೊಂಡ.

"ಮೇಡಂ, ನಂಗೆ ಇವನಂಗೆ ಮಾತಾಡಕ್ಕೆ ಬರಲ್ಲ. ಕಾಯಿ ಕೀಳೋ ದೋಟಿ ಐತಲ್ಲ, ಅದು ಉದ್ದ ಆದಷ್ಟೂ ತುದಿ ನಮ್ಮ ಮಾತು ಕೇಳಲ್ಲ. ಇಲ್ಲಿ ಒಂಚೂರು ಅಲ್ಲಾಡಿದ್ರೆ ಅಲ್ಲಿ ಮಾರು ದೂರ ಹೋಯ್ತದೆ. ಅದನ್ನ ಗಾಡಿ ಮೇಲೆ ನಿಲ್ಸ್ಕಂಡು ದಿಬ್ಬ ಹತ್ತು ಅಂದ್ರೆ ಹೆಂಗೆ?"

ನಾನು ಸೋತೆನೆಂದೇ ತಿಳಿದೆ. ಮೇಡಂ ಸೋಲು ಗೆಲುವಿನ ಮಾತನ್ನೇ ಎತ್ತಲಿಲ್ಲ. "ಸರಿ, ಈಗ ಕಡೆ ಬದಲಾಯಿಸಿಕೊಳ್ಳಿ," ಎಂದರು. ನಾನು ಗಿಡ್ಡದರ ಪರ, ಲೋಕೇಶ ಎತ್ತರದ ಪರ. "ಆ ಕಡೆ ಕೂತು ಯೋಚನೆ ಮಾಡದೆ ಈ ಕಡೆ ಸರಿ ಅನ್ನೋ ಹಕ್ಕು ನಿಮಗಿಲ್ಲ," ಎನ್ನುವುದು ಅವರ ನಿಯಮ. ನನ್ನ ಚರ್ಚಾಸ್ಪರ್ಧೆಗಳ ವರ್ಷಗಳಲ್ಲಿ ಯಾವ ತೀರ್ಪುಗಾರರೂ ನನ್ನಿಂದ ಇದನ್ನು ಕೇಳಿರಲಿಲ್ಲ.

ಬಳಿಕ ಮಾತನ್ನು ಬಿಟ್ಟು ಪರೀಕ್ಷೆಗೆ ಇಳಿದೆವು. ರಟ್ಟಿನ ಪೆಟ್ಟಿಗೆಗಳಲ್ಲಿ ಉದ್ದದ್ದು, ಗಿಡ್ಡದ್ದು, ಅಗಲದ್ದು ಎಂದು ಮಾದರಿಗಳನ್ನು ಮಾಡಿ, ಒಳಗೆ ಬ್ಯಾಟರಿಯ ತೂಕಕ್ಕೆ ಮರಳಿನ ಚೀಲ ಇಟ್ಟು, ಒಂದು ಹಲಗೆಯ ಮೇಲೆ ನಿಲ್ಲಿಸಿ, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗುವುದು. ಪ್ರತಿ ಮಾದರಿಯಲ್ಲೂ ತೂಕದ ಕೇಂದ್ರ ಇರುವ ಜಾಗಕ್ಕೆ ದಾರ ಕಟ್ಟಿ, ದಾರದ ತುದಿಗೆ ನಟ್ಟು ಇಳಿಬಿಟ್ಟಿದ್ದೆವು. ಆ ದಾರ ಬುಡದ ಅಂಚನ್ನು ದಾಟಿದ ಗಳಿಗೆಯಲ್ಲಿ ಪೆಟ್ಟಿಗೆ ಮಗುಚುತ್ತಿತ್ತು. ಎತ್ತರದ ಪೆಟ್ಟಿಗೆಯ ದಾರ ಬಹಳ ಬೇಗ ದಾಟುತ್ತಿತ್ತು. ಬುಡ ಭಾರ ಮಾಡಿದರೆ ನಿಲ್ಲುತ್ತಿತ್ತು, ಆದರೆ ಆ ಭಾರವನ್ನು ಎಳೆಯಲು ನಮ್ಮ ಮೋಟಾರುಗಳಿಗೆ ಶಕ್ತಿ ಸಾಲದು. ಬುಡ ಅಗಲ ಮಾಡಿದರೂ ನಿಲ್ಲುತ್ತಿತ್ತು, ಆದರೆ ಅಂಕಣದ ಅಂಚಿನ ದಾರಿಯಲ್ಲಿ ತಿರುಗುತ್ತಿರಲಿಲ್ಲ.

"ಎತ್ತರ ಬೇಡ ಅಂತಲ್ಲ," ಎನ್ನುತ್ತಿದ್ದರು ಮೇಡಂ. "ಎತ್ತರ ಏನೇನು ಕೇಳುತ್ತೆ, ಅದನ್ನೆಲ್ಲ ಕೊಡೋಕೆ ನಮ್ಮ ಹತ್ರ ಇದೆಯಾ ಅಂತ ನೋಡ್ಬೇಕು. ಎತ್ತರ ಯಾವಾಗ ಬೇಕೋ ಆವಾಗ ಮಾತ್ರ ಬಂದ್ರೆ ಹೇಗೆ?"

ಹಾಗೆ ಹುಟ್ಟಿದ್ದು ಅವರ ಯೋಜನೆ. ತಗ್ಗಾದ ಅಗಲವಾದ ಒಡಲು. ಅದರ ಬೆನ್ನ ಮೇಲೆ ಮಡಚಿ ಮಲಗುವ ತೋಳು. ಅಡ್ಡಪಟ್ಟಿಯ ಅಡಿಯಲ್ಲಿ ಬಾಗಿ ಹೋಗಿ, ಬುಟ್ಟಿಯ ಮುಂದೆ ನಿಂತ ಮೇಲೆ ಮಾತ್ರ ತೋಳು ಬಿಚ್ಚಿ ಮೇಲೇಳಬೇಕು. ಮೊದಲು ಒಡಲು ಮುಗಿಸಿ ಕೆಳಬುಟ್ಟಿಗೆ ಚೆಂಡು ಹಾಕುವುದನ್ನು ಪಳಗಿಸಿಕೊಳ್ಳುವುದು, ಉಳಿದ ವಾರಗಳಲ್ಲಿ ತೋಳು ಮಾಡುವುದು ಎಂದು ನಿರ್ಧರಿಸಿದೆವು. ಒಡಲು ಸಿದ್ಧವಾಯಿತು. ದಿಬ್ಬ ಹತ್ತಿ ಇಳಿಯಿತು. ನಾಗವೇಣಿ ತಂತಿಯ ರಿಮೋಟ್ ಹಿಡಿದು ಅದನ್ನು ಬೆಂಚುಗಳ ಅಡಿಯಲ್ಲಿ ಓಡಿಸಿದಾಗ ಲೋಕೇಶ, "ಏನ್ಲಾ ಇದು, ಹೆಗ್ಗಣ ಹೋದಂಗೆ ಹೋಯ್ತಾ ಐತೆ!" ಎಂದು ಕುಣಿದಾಡಿದ. ಅಂದಿನಿಂದ ಅದಕ್ಕೆ ಹೆಗ್ಗಣ ಎಂದೇ ಹೆಸರಾಯಿತು.

ಆಮೇಲೆ ಕಾರ್ಯದರ್ಶಿಗಳು ನೋಡಲು ಬಂದರು.

ತೆಂಗಿನಕಾಯಿ ಮಂಡಿಯ ಹಿರಿಯ ವ್ಯಾಪಾರಿ, ಸಂಸ್ಥೆಗೆ ಜಾಗ ಕೊಟ್ಟ ಮನೆತನ. ಬಿಳಿ ಪಂಚೆ ಎತ್ತಿ ಹಿಡಿದು, ನೆಲದಲ್ಲಿದ್ದ ಹೆಗ್ಗಣವನ್ನು ಬಾಗದೆ ನೋಡಿದರು. ಪಕ್ಕದಲ್ಲಿ ಪ್ರಾಂಶುಪಾಲರು ಕೈಕಟ್ಟಿ ನಿಂತಿದ್ದರು.

"ಏನ್ರೀ ಮೇಡಂ ಇದು? ರೋಬೋಟ್ ಅಂದ್ರಿ. ಇದು ಇಸ್ತ್ರಿಪೆಟ್ಟಿಗೆ ಥರ ಐತಲ್ರೀ."

"ಸ್ಪರ್ಧೆಗೆ ಇದೇ ಸರಿ ಸಾರ್," ಎಂದು ಮೇಡಂ ವಿವರಿಸಲು ತೊಡಗಿದರು. ಕಾರ್ಯದರ್ಶಿಗಳು ಕೇಳಿಸಿಕೊಳ್ಳಲಿಲ್ಲ. ಮೈಸೂರಿಗೆ ಹೊರಡುವ ಮುನ್ನ ಕಾಲೇಜಿನಲ್ಲಿ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಳ್ಳುವುದೆಂದು ಅವರು ಆಗಲೇ ತೀರ್ಮಾನಿಸಿದ್ದರು. ದೊಡ್ಡ ಅತಿಥಿಯೊಬ್ಬರು ಬರಲಿದ್ದರು. ರೋಬೋಟ್ ವೇದಿಕೆಯ ಮೇಲೆ ನಡೆದುಬಂದು ಆ ಅತಿಥಿಗೆ ಹಾರ ಹಾಕಬೇಕು. ಅದರ ಫೋಟೋ ಪತ್ರಿಕೆಯಲ್ಲಿ ಬರಬೇಕು.

"ಆಳೆತ್ತರ ಮಾಡಿ. ಅತಿಥಿಗಳು ಬಗ್ಗಿ ಹಾರ ಹಾಕಿಸ್ಕೊಳ್ಳೋದಾ?"

"ಹಾರಕ್ಕೆ ಬೇರೆ ಒಂದು ಮಾಡ್ಕೊಡ್ತೀವಿ ಸಾರ್. ಚಕ್ರದ ಮೇಲೆ ಒಂದು ಚೌಕಟ್ಟು, ಸಲೀಸಾಗಿ ಆಗುತ್ತೆ. ಇದನ್ನ ಮುಟ್ಟೋದು ಬೇಡ."

"ಬೇರೆದು ತೋರ್ಸಿ ಜನಕ್ಕೆ ಮೋಸ ಮಾಡೋದಾ? ಸ್ಪರ್ಧೆಗೆ ಹೋಗೋದೇ ಹಾರ ಹಾಕ್ಬೇಕು. ಎತ್ತರ ಮಾಡಿದ್ರೆ ಏನ್ರೀ ಬಿದ್ದೋಯ್ತದೆ? ಬೇಲೂರಿನ ಗುಡಿ ಅಂಗಳದ ಕಂಬ ನೋಡಿಲ್ವಾ? ಅಷ್ಟೆತ್ತರ, ಬುಡಕ್ಕೆ ಪಾಯ ಇಲ್ಲ, ಬರೀ ಪೀಠದ ಮೇಲೆ ಇಟ್ಟವ್ರೆ. ನೂರಾರು ವರ್ಷದಿಂದ ನಿಂತಿಲ್ವೇನ್ರೀ?"

"ನಿಂತಿದೆ ಸಾರ್," ಎಂದರು ಮೇಡಂ. "ನಡೆದಿಲ್ಲ."

ನಾಗವೇಣಿ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಲೋಕೇಶ ಕಿಟಕಿಯ ಕಡೆ ತಿರುಗಿದ. ಕಾರ್ಯದರ್ಶಿಗಳ ಮುಖ ಕಪ್ಪಿಟ್ಟಿತು. ಅವರು ಮೇಡಂ ಅವರನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿ, ಪ್ರಾಂಶುಪಾಲರ ಕಡೆ ತಿರುಗಿ ನಕ್ಕರು. "ಮಾಡ್ದೋರು ಎಷ್ಟುದ್ದ ಅವ್ರೋ ಮಾಡಿದ್ದೂ ಅಷ್ಟೇ ಉದ್ದ ಐತೆ, ಅಲ್ವೇನ್ರೀ?" ಪ್ರಾಂಶುಪಾಲರು ನಕ್ಕರು. ಬಾಗಿಲು ದಾಟುವಾಗ ಕಾರ್ಯದರ್ಶಿಗಳು ದನಿ ತಗ್ಗಿಸದೆ ಇನ್ನೊಂದು ಮಾತು ಸೇರಿಸಿದರು: "ನಿಮ್ಮಂಥೋರಿಗೆ ಇಂಥ ಕಡೆ ಅವಕಾಶ ಕೊಟ್ಟಿದ್ದೇ ನಾವು. ನೆಪ್ಪಿರಲಿ."

ನಿಮ್ಮಂಥೋರು. ಆ ಪದದ ಅರ್ಥ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜಾವಗಲ್ಲಿನ ಮೇಡಂ ಅವರ ಮನೆಯ ನಡುಗೋಡೆಯಲ್ಲಿ ಬುದ್ಧನ ಚಿತ್ರವೊಂದಿತ್ತು. ಅವರ ತಂದೆ ಊರ ಹೊರಗಿನ ಆ ಕೇರಿಯಿಂದ ಸರ್ಕಾರಿ ಸಂಬಳಕ್ಕೆ ಹೋದ ಮೊದಲಿಗರು. ಸ್ವಂತ ಅರ್ಹತೆಯಿಂದ ಬಂದು ಎಲ್ಲರಿಗಿಂತ ಹೆಚ್ಚು ದುಡಿಯುವವರಿಗೆ ಅವಕಾಶವನ್ನು ಭಿಕ್ಷೆಯೆಂಬಂತೆ ನೆನಪಿಸುವ ಈ ನಾಲಿಗೆಗಳು ನಮ್ಮ ವಿದ್ಯಾಸಂಸ್ಥೆಗಳ ತುಂಬ ಇವೆ. ಅವು ಮಾತನಾಡಿದಾಗ ನಗುವ ಪ್ರಾಂಶುಪಾಲರೂ ಇದ್ದಾರೆ. ನನ್ನ ಕೋಪ ಮೊದಲನೆಯವರ ಮೇಲೆ ಎಷ್ಟಿದೆಯೋ ಎರಡನೆಯವರ ಮೇಲೂ ಅಷ್ಟೇ ಇದೆ.

ಮಾರನೆಯ ದಿನ ಪ್ರಾಂಶುಪಾಲರು ಮೇಡಂ ಅವರನ್ನು ಕರೆಸಿ, "ಹೆಂಗಾದ್ರೂ ಅಡ್ಜಸ್ಟ್ ಮಾಡಿ ಮೇಡಂ, ಜೂನ್ ಹತ್ರ ಬಂತು," ಎಂದರು. ಜೂನ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ತೋಳು ಮಾಡಬೇಕಾಗಿದ್ದ ವಾರಗಳಲ್ಲಿ ನಾವು ಹೆಗ್ಗಣದ ಬೆನ್ನ ಮೇಲೆ ಅಲ್ಯೂಮಿನಿಯಂ ಕಂಬ ನಿಲ್ಲಿಸಿದೆವು. ಅದು ಉರುಳದಿರಲಿ ಎಂದು ಬುಡಕ್ಕೆ ಇನ್ನೊಂದು ಬ್ಯಾಟರಿ ಕಟ್ಟಿದೆವು. ಆ ಭಾರಕ್ಕೆ ಮೋಟಾರುಗಳು ಕಾಯತೊಡಗಿದವು. ಗೇರಿನ ಹಲ್ಲು ಸವೆಯಿತು. ಅದನ್ನು ಬಿಚ್ಚಿ ಮತ್ತೆ ಜೋಡಿಸಿದೆವು. ಕಂಬದ ತುದಿಗೆ ಹಾರ ಹಿಡಿಯುವ ಎರಡು ಕಡ್ಡಿಗಳು. ಕಾಗದದ ಹಾರ ಹಾಕಿ ಅಭ್ಯಾಸ ಮಾಡಿದೆವು. ಲೋಕೇಶನೇ ಅತಿಥಿಯಾಗಿ ಎದೆ ಉಬ್ಬಿಸಿ ನಿಲ್ಲುತ್ತಿದ್ದ. ಮೇಡಂ ಒಮ್ಮೆಯೂ ಗೊಣಗಲಿಲ್ಲ. ಮಾಡಲೇಬೇಕಾದ ಮೇಲೆ ಆ ಕೆಟ್ಟ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿಸಿದರು.

ಸಮಾರಂಭದ ದಿನ ವೇದಿಕೆಯ ಮೇಲೆ ಅತಿಥಿಗೆ, ಕಾರ್ಯದರ್ಶಿಗಳಿಗೆ, ಮಂಡಳಿಯ ಸದಸ್ಯರಿಗೆ, ಪ್ರಾಂಶುಪಾಲರಿಗೆ ಕುರ್ಚಿಗಳಿದ್ದವು. ಮೇಡಂ ಅವರಿಗೆ ಇರಲಿಲ್ಲ. ಅವರು ವೇದಿಕೆಯ ಪಕ್ಕದಲ್ಲಿ, ರೋಬೋಟಿನ ಜೊತೆ ನಿಂತಿದ್ದರು. ಹಾರ ಬಂತು. ಅದು ಸುಗಂಧರಾಜದ, ತೋಳಿನಷ್ಟು ದಪ್ಪದ ಹಾರ. ಬಾಡದಿರಲೆಂದು ನೀರು ಚಿಮುಕಿಸಿ ಚಿಮುಕಿಸಿ ತೊಪ್ಪೆಯಾಗಿತ್ತು.

"ಮೇಡಂ, ಇಷ್ಟು ಭಾರ ತಡೆಯಲ್ಲ," ಎಂದಳು ನಾಗವೇಣಿ.

"ನಿಧಾನಕ್ಕೆ ಬಿಡಮ್ಮ. ನಾನು ಪಕ್ಕದಲ್ಲೇ ಬರ್ತೀನಿ."

ರೋಬೋಟ್ ಹೊರಟಿತು. ಸಭೆ ಚಪ್ಪಾಳೆ ತಟ್ಟಿತು. ಅತಿಥಿ ಎದ್ದು ನಿಂತು ಕೊರಳು ಮುಂದೆ ಚಾಚಿದರು. ಇನ್ನೇನು ತಲುಪಿತು ಎನ್ನುವಾಗ ಮುಂದಿನ ಚಕ್ರ ಜಮಖಾನದ ಮಡಿಕೆಗೆ ಸಿಕ್ಕಿತು. ಬುಡ ನಿಂತಿತು, ತುದಿ ನಿಲ್ಲಲಿಲ್ಲ. ಇಡೀ ಕಂಬ ಅತಿಥಿಯ ಮುಖದ ಕಡೆಗೆ ವಾಲಿತು. ಮೇಡಂ ನಡುವೆ ನುಗ್ಗಿ ಎರಡೂ ಕೈಗಳಿಂದ ಕಂಬವನ್ನು ತಡೆದರು. ಕಂಬ ನಿಂತಿತು. ಹಾರ ಕಡ್ಡಿಗಳಿಂದ ಜಾರಿ, ನೇರವಾಗಿ, ಅವರ ಕೊರಳಿಗೆ ಬಿತ್ತು.

ಹಿಂದಿನ ಸಾಲಿನಿಂದ ಯಾರೋ ಹುಡುಗ, "ಸರಿಯಾದೋರಿಗೇ ಹಾಕ್ತು ಕಣ್ರಲಾ!" ಎಂದು ಕೂಗಿದ. ಸಭೆ ಸಿಡಿದೆದ್ದಂತೆ ಚಪ್ಪಾಳೆ ತಟ್ಟಿತು, ಸಿಳ್ಳೆ ಹಾಕಿತು. ಅರ್ಧ ಟಿಕೆಟ್ ಎಂದು ಹೀಯಾಳಿಸುತ್ತಿದ್ದ ಹುಡುಗರೇ ಬೆಂಚು ಹತ್ತಿ ನಿಂತಿದ್ದರು. ಅತಿಥಿಗಳು ದೊಡ್ಡ ಮನುಷ್ಯರು. ನಗುತ್ತ ತಾವೂ ಕೈ ತಟ್ಟಿದರು. ಮೇಡಂ ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟರು. ಅವರ ಅಂಗೈ ಕಡ್ಡಿಗೆ ಸಿಕ್ಕಿ ಹರಿದು ರಕ್ತ ಸುರಿಯುತ್ತಿದ್ದುದನ್ನು ನಾವು ಮೂವರು ಮಾತ್ರ ನೋಡಿದೆವು. ಕಾರ್ಯದರ್ಶಿಗಳು ನೋಡಿದ್ದು ಹಾರವನ್ನು ಮಾತ್ರ.

ಆ ಸಂಜೆಯೇ ಆದೇಶ ಬಂದಿತು. ಮೈಸೂರಿಗೆ ಮೇಡಂ ಹೋಗತಕ್ಕದ್ದಲ್ಲ. ಬೇರೆ ಉಪನ್ಯಾಸಕರೊಬ್ಬರು ಹೋಗುತ್ತಾರೆ. ರೋಬೋಟ್ ಸಮಾರಂಭದಲ್ಲಿ ಹೇಗಿತ್ತೋ ಹಾಗೆಯೇ, ಕಂಬದ ಸಮೇತ, ಸ್ಪರ್ಧೆಗೆ ಇಳಿಯಬೇಕು. ಫೋಟೋದಲ್ಲಿ ಒಂದು, ಸ್ಪರ್ಧೆಯಲ್ಲಿ ಇನ್ನೊಂದು ಎಂದರೆ ಸಂಸ್ಥೆಯ ಮಾನ ಹೋಗುತ್ತದಂತೆ. ಕಂಬ ಬಿಚ್ಚಿದರೆ ಅದನ್ನು ಮೇಡಂ ಹೇಳಿಕೊಟ್ಟ ಅವಿಧೇಯತೆ ಎಂದೇ ತಿಳಿಯಲಾಗುವುದು ಎಂದು ಪ್ರಾಂಶುಪಾಲರು ನಮ್ಮನ್ನು ಕರೆದು ಸ್ಪಷ್ಟವಾಗಿ ಹೇಳಿದರು.

ಅರಸೀಕೆರೆ ಸ್ಟೇಷನ್ನಿಗೆ ಮೇಡಂ ನಮ್ಮನ್ನು ಕಳಿಸಲು ಬಂದಿದ್ದರು. ಅಂಗೈಗೆ ಬಟ್ಟೆ ಸುತ್ತಿತ್ತು. ಜೊತೆಗೆ ಬರಬೇಕಾದ ಉಪನ್ಯಾಸಕರು ಪ್ಲಾಟ್‌ಫಾರಂ ತುದಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನಾಗವೇಣಿ ಕೇಳಿದಳು:

"ಏನು ಮಾಡೋಣ ಮೇಡಂ? ಕಂಬ ಇಟ್ಕೊಂಡ್ರೆ ದಿಬ್ಬದ ಮೇಲೇ ಬೀಳುತ್ತೆ. ತೆಗೆದ್ರೆ ನಿಮ್ಮ ಕೆಲಸ."

"ಅಂಕಣ ನೋಡಿ. ದಿಬ್ಬ ನೋಡಿ. ಮೋಟಾರ್ ನೋಡಿ. ಆಮೇಲೆ ನೀವೇ ತೀರ್ಮಾನ ಮಾಡಿ," ಎಂದರು. "ನನ್ನ ಕೆಲಸವನ್ನ ತಂದು ಆ ತಕ್ಕಡಿಗೆ ಹಾಕ್ಬೇಡಿ. ಅದು ರೋಬೋಟಿನ ಭಾಗ ಅಲ್ಲ."

"ಹೆಂಗ್ ಮೇಡಂ ಹಾಕ್ದೆ ಇರೋದು?" ಎಂದ ಲೋಕೇಶ. ಅವನ ಕಣ್ಣು ತುಂಬಿತ್ತು.

"ಹಾಕಿದ್ರೆ ನಾನು ಇಷ್ಟು ದಿನ ಏನು ಕಲಿಸಿದೆ ಹೇಳು ಮತ್ತೆ?"

ರೈಲಿನಲ್ಲಿ ನಾವು ಅವರ ಪದ್ಧತಿಯಂತೆಯೇ ಚರ್ಚಿಸಿದೆವು, ಕಡೆ ಬದಲಾಯಿಸಿಕೊಂಡೂ ಚರ್ಚಿಸಿದೆವು. ಕಂಬ ಇಟ್ಟುಕೊಂಡು ಸೋತು ಬಂದರೆ ಕಾರ್ಯದರ್ಶಿಗಳು ಮೆಚ್ಚಿ ಅವರನ್ನು ಉಳಿಸಿಕೊಳ್ಳುತ್ತಾರೆಯೇ? ಸೋಲಿನ ಹೊಣೆಯನ್ನೂ ಅವರ ತಲೆಗೇ ಕಟ್ಟುವುದಿಲ್ಲವೇ? ನಾಗವೇಣಿ ಮಾತು ಮುಗಿಸಿದಳು: "ಮೇಡಂ ಮಾಡಿದ್ದು ಬೀಳೋದನ್ನ ನಾಲ್ಕು ಜನ ನೋಡೋ ಹಾಗೆ ನಾನು ಮಾಡಲ್ಲ ಕಣ್ರೋ." ಮೈಸೂರು ತಲುಪಿ, ಸ್ಪರ್ಧೆಯ ಕೋಣೆಗೆ ಹೋದೊಡನೆ ಲೋಕೇಶ ಸ್ಪ್ಯಾನರ್ ತೆಗೆದು ಕಂಬವನ್ನು ಕಳಚಿದ. ಜೊತೆಗೆ ಬಂದಿದ್ದ ಉಪನ್ಯಾಸಕರು, "ನಾನು ನೋಡಿಲ್ಲಪ್ಪಾ," ಎಂದು ಹೊರಗೆ ಹೋದರು.

ಹೆಗ್ಗಣ ಹೆಗ್ಗಣದಂತೆಯೇ ಓಡಿತು. ಎತ್ತರದ ರೋಬೋಟುಗಳು ದಿಬ್ಬದಲ್ಲಿ ಒಂದೊಂದಾಗಿ ಮಗುಚುತ್ತಿದ್ದಾಗ, ಅಂಚಿನ ದಾರಿಯಲ್ಲಿ ತಿಣುಕುತ್ತಿದ್ದಾಗ, ನಮ್ಮದು ಅಡ್ಡಪಟ್ಟಿಯ ಅಡಿಯಲ್ಲಿ ನುಸುಳಿ ಹೋಗಿ ಬಂದು ಕೆಳಬುಟ್ಟಿ ತುಂಬುತ್ತಿತ್ತು. ದೊಡ್ಡ ಊರುಗಳ ಕಾಲೇಜುಗಳನ್ನು ದಾಟಿ ನಾವು ಕೊನೆಯ ಸುತ್ತಿಗೆ ಬಂದೆವು.

ಕೊನೆಯ ಸುತ್ತಿನಲ್ಲಿ ಎದುರಾಳಿ ತಂಡದ ರೋಬೋಟ್ ನೋಡಿ ನಾವು ಮೂವರೂ ಅಂಕಣದ ಅಂಚಿಗೆ ಓಡಿದೆವು. ತಗ್ಗಾದ ಅಗಲವಾದ ಒಡಲು. ಬೆನ್ನ ಮೇಲೆ ಮಡಚಿ ಮಲಗಿದ ತೋಳು. ಅದು ನಮ್ಮಂತೆಯೇ ಅಡ್ಡಪಟ್ಟಿಯ ಅಡಿಯಲ್ಲಿ ಹೋಯಿತು, ಮೇಲಿನ ಬುಟ್ಟಿಯ ಮುಂದೆ ನಿಂತಿತು, ತೋಳು ಬಿಚ್ಚಿ ಎದ್ದಿತು. ಮೇಡಂ ತಮ್ಮ ಭುಜದ ಮಟ್ಟದಲ್ಲಿ ಹಲಗೆಯ ಮೇಲೆ ಬಿಡಿಸಿದ ಚಿತ್ರ ನಮ್ಮ ಕಣ್ಣ ಮುಂದೆ ಬೇರೆಯವರ ಕೈಯಲ್ಲಿ ನಡೆದಾಡಿ ನಮ್ಮನ್ನು ಸೋಲಿಸಿತು. ನಮಗೂ ಆ ತೋಳು ಇರುತ್ತಿತ್ತು. ಅದನ್ನು ಮಾಡಬೇಕಾಗಿದ್ದ ವಾರಗಳನ್ನು ಒಂದು ಹಾರ ನುಂಗಿತ್ತು.

ಎರಡನೆಯ ಬಹುಮಾನ. ನಮ್ಮ ಭಾಗದ ಯಾವ ಕಾಲೇಜಿಗೂ ಅಂಥದ್ದು ಅದುವರೆಗೆ ಬಂದಿರಲಿಲ್ಲ. ಊರಿಗೆ ಮರಳಿದಾಗ ಬ್ಯಾನರ್ ಕಟ್ಟಿದ್ದರು, ಪಟಾಕಿ ಹೊಡೆದರು. ಕಂಬ ಬಿಚ್ಚಿದ್ದೇ ಗೆಲುವಿಗೆ ಕಾರಣ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಪಡಸಾಲೆಯಲ್ಲಿ ಒಂದು ಫಲಕ ಹಾಕಿದರು. ಅದರಲ್ಲಿ ನಮ್ಮ ಮೂವರ ಹೆಸರಿತ್ತು. 'ಮಾರ್ಗದರ್ಶನ' ಎಂಬಲ್ಲಿ ಪ್ರಾಂಶುಪಾಲರ ಹೆಸರು, 'ಪ್ರೋತ್ಸಾಹ' ಎಂಬಲ್ಲಿ ಕಾರ್ಯದರ್ಶಿಗಳ ಹೆಸರು. ಹೆಗ್ಗಣವನ್ನು ಕಚೇರಿಯ ಮುಂದಿನ ಗಾಜಿನ ಕಪಾಟಿನಲ್ಲಿಟ್ಟು, ಬಂದವರಿಗೆ ಚೆನ್ನಾಗಿ ಕಾಣಲಿ ಎಂದು ಮತ್ತೆ ಕಂಬ ಜೋಡಿಸಿದರು.

ಜೂನ್ ಬಂತು. ಮೇಡಂ ಅವರನ್ನು ಮುಂದುವರಿಸಲಿಲ್ಲ.

ನಾನು ಕಾರ್ಯದರ್ಶಿಗಳ ಮನೆಗೆ ಹೋದೆ. ಹಜಾರದಲ್ಲಿ ನಿಂತು, ನಾನು ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಒಂದು ಕಟುವಾದ ಪದವನ್ನೂ ಬಳಸದೆ ಮೇಡಂ ಅವರ ಪರವಾಗಿ ವಾದಿಸಿದೆ. ಆ ಬಹುಮಾನ ಯಾರದು, ಆ ಕಂಬ ತಡೆಯದಿದ್ದರೆ ಅತಿಥಿಗಳಿಗೆ ಏನಾಗುತ್ತಿತ್ತು, ಮುಂದಿನ ವರ್ಷದ ಮಕ್ಕಳಿಗೆ ಯಾರು ಕಲಿಸುತ್ತಾರೆ ಎಂದು ಒಂದೊಂದನ್ನೂ ಮುಂದಿಟ್ಟೆ. ಕಾರ್ಯದರ್ಶಿಗಳು ಎಲೆಗೆ ಸುಣ್ಣ ಸವರುತ್ತ ಕೊನೆಯವರೆಗೂ ಕೇಳಿದರು. ಆಮೇಲೆ ಒಳಗೆ ತಿರುಗಿ, "ಲೇ, ಈ ಹುಡುಗನಿಗೆ ಕಾಫಿ ಕೊಡ್ರೇ. ಏನ್ ಚೆನ್ನಾಗಿ ಮಾತಾಡ್ತಾನೆ!" ಎಂದರು.

ನಾನು ಹೇಳಿದ್ದರಲ್ಲಿ ಒಂದನ್ನೂ ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಉತ್ತರ ಕೊಡಬಹುದಿತ್ತು. ಅಧಿಕಾರವಿರುವವರು ನ್ಯಾಯದ ಮಾತನ್ನು ಮನರಂಜನೆಯಾಗಿ ಸವಿಯಬಲ್ಲರು ಎಂದು ನಾನು ಕಲಿತದ್ದು ಆ ಹಜಾರದಲ್ಲಿ. ಅವರ ಮನೆಯ ಕಾಫಿಯನ್ನು ನಾನು ಕುಡಿಯಲಿಲ್ಲ.

ಮೇಡಂ ಜಾವಗಲ್ಲಿನಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳತೊಡಗಿದರು. ಅವರ ಕಲಿಕೆಗೂ ಆ ಕೆಲಸಕ್ಕೂ ಅಜಗಜಾಂತರ. ನಾನು ಆಗಾಗ ಹೋಗುತ್ತಿದ್ದೆ. ಅವರ ಮನೆಯ ಜಗಲಿಯಲ್ಲಿ ಹತ್ತಾರು ಹುಡುಗಿಯರು ಹಳೆಯ ರೇಡಿಯೋ ಬಿಚ್ಚಿಕೊಂಡು ಕೂತಿರುತ್ತಿದ್ದರು. ಆ ಪಾಲಿಟೆಕ್ನಿಕ್ಕಿನಿಂದ ಮತ್ತೆ ಯಾವ ತಂಡವೂ ಯಾವ ಸ್ಪರ್ಧೆಗೂ ಹೋಗಲಿಲ್ಲ. ನಾಗವೇಣಿ ಈಗ ಒಂದು ಕಾರ್ಖಾನೆಯಲ್ಲಿ ಯಂತ್ರವಿನ್ಯಾಸದ ಮುಖ್ಯಸ್ಥೆ. ಲೋಕೇಶ ಅರಸೀಕೆರೆಯಲ್ಲೇ ಕಾಯಿ ಸುಲಿಯುವ ಯಂತ್ರಗಳನ್ನು ಮಾಡುತ್ತಾನೆ. ನಾನು ಅತಿಥಿ ಉಪನ್ಯಾಸಕರ ಸೇವಾಭದ್ರತೆಗಾಗಿ ವೇದಿಕೆ ವೇದಿಕೆ ಸುತ್ತುತ್ತೇನೆ. ಎದುರು ಪಕ್ಷದ ವಾದವನ್ನು ಮೊದಲು ಅವರಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಉತ್ತರಿಸುವ ಅಭ್ಯಾಸ ನನ್ನದು. ಅದು ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ.

ಕೊನೆಯ ಸಲ ಕಂಡಾಗ ಮೇಡಂ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಫಲಕದ ವಿಷಯ ನಾನೇ ಎತ್ತಿದೆ.

"ಇನ್ನೂ ಅದನ್ನ ಹಿಡ್ಕೊಂಡಿದೀಯಾ?" ಎಂದು ನಕ್ಕರು. "ಬಿಡಪ್ಪಾ. ನಾನು ಆವಾಗ್ಲೇ ಬಿಟ್ಟೆ. ಆ ಮನುಷ್ಯರಿಗೂ ಪಾಪ, ಅತಿಥಿ ಮುಂದೆ ಮುಖಭಂಗ ಆಯ್ತಲ್ಲ."

ಅವರು ಆ ಕಡೆಯಲ್ಲೂ ಕೂತು ನೋಡಿದ್ದರು. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಅವರು ಕ್ಷಮಿಸಿದ್ದರು. ಕ್ಷಮಿಸುವ ಹಕ್ಕು ಅವರಿಗಿತ್ತು. ಅದು ನನಗೆ ಉಯಿಲಿನಲ್ಲಿ ಬಂದಿಲ್ಲ. ಪ್ರತಿ ವರ್ಷ ಒಂದು ದಿನ ಬಿಡುವು ಮಾಡಿಕೊಂಡು ಅರಸೀಕೆರೆಗೆ ಹೋಗಿ, ಆ ಫಲಕದಲ್ಲಿ 'ಮಾರ್ಗದರ್ಶನ' ಎಂಬುದರ ಮುಂದೆ ಇರಬೇಕಾದ ಹೆಸರನ್ನು ಹಾಕಿಸಿ ಎಂದು ಕೇಳುತ್ತೇನೆ. ಪ್ರಾಂಶುಪಾಲರು ಬದಲಾಗಿದ್ದಾರೆ, ಕಾರ್ಯದರ್ಶಿಗಳ ಜಾಗಕ್ಕೆ ಅವರ ಮಗ ಬಂದಿದ್ದಾರೆ. ಉತ್ತರ ಬದಲಾಗಿಲ್ಲ: "ನೋಡೋಣ."

ಈ ಬರಹದಲ್ಲಿ ನಾನು ಅವರ ಹೆಸರು ಬರೆದಿಲ್ಲ. ಅದು ಮೊದಲು ಬರಬೇಕಾದ ಜಾಗ ಆ ಗೋಡೆ.